ತಡೆರಹಿತ

ಪಟ್ಟಿಯಲ್ಲಿ ಹದಿಮೂರು ಹೆಸರು.
ವಿಶ್ವವಿದ್ಯಾಲಯದವರು ಕಳಿಸಿದ ಹಳೇ ರಿಜಿಸ್ಟರಿನ ನಕಲು;
ಮನೆ ನಂಬರಿಲ್ಲ, ಓಣಿಯಿಲ್ಲ,
ಎಲ್ಲರಿಗೂ ಒಂದೊಂದು ಅಂಚೆಪೆಟ್ಟಿಗೆ.
‘ಅಂಚೆಪೆಟ್ಟಿಗಿ ಬಾಗಲಾ ಬಡದ್ರ ಯಾರು ತಗೀತಾರ?’
ಅಂದಳು ಶಶಿಕಲಾ ಅಣ್ಣಿಗೇರಿ
ರೂವಿಯ ಪೆಟ್ರೋಲ್ ಬಂಕಿನಲ್ಲಿ, ಶುಕ್ರವಾರ, ಬೆಳಗಿನ ಐದಕ್ಕೆ.

ಧಾರವಾಡದಲ್ಲಿ ಕಲಿತು ತಮ್ಮೂರಿಗೆ ಮರಳಿದ
ಒಮಾನಿನವರನ್ನು ಹುಡುಕಿ ಹೊರಟಿದ್ದೆವು ನಾವು,
ಹಳೆ ವಿದ್ಯಾರ್ಥಿಗಳ ಸಂಘ, ಮಸ್ಕತ್ ಶಾಖೆ:
ಅಧ್ಯಕ್ಷ ಇಂದುಧರ, ಅವನದೇ ಕಾರು;
ಖಜಾಂಚಿ ಮೌನೇಶ, ಹೆಸರಿಗೆ ತಕ್ಕವನಲ್ಲ;
ಹಿಂದಿನ ಸೀಟಿನಲ್ಲಿ ಶಶಿಕಲಾ, ನಾನು,
ನಡುವೆ ಬೆಲ್ಟು ಬಿಗಿಸಿಕೊಂಡು ಕೂತ
ನೆನಪಿನ ಫಲಕಗಳ ರಟ್ಟಿನ ಡಬ್ಬ.

ಸಮಾಯಿಲ್ ದಾಟಿದ ಮೇಲೆ ಗುಡ್ಡಗಳಿಗೆ
ಹುಲ್ಲಿನ ಅಂಗಿಯೂ ಇಲ್ಲ.
‘ಭೂಮಿ ಎಲುಬು ಮುಚ್ಚಿಕೊಂಡಿಲ್ಲ ನೋಡ್ರಿ ಇಲ್ಲೆ’ ಎಂದ ಮೌನೇಶ.
ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ, ಗಾಜಿನ ಈಚೆಯಿಂದ;
ಇಳಿದದ್ದು ಪಂಕ್ಚರ್ ಆದಾಗ ಮಾತ್ರ.

ಇಜ್ಕಿಯಲ್ಲಿ ದಿನಸಿ ಅಂಗಡಿಯ ಕುಂಬಳೆಯ ಹುಡುಗ
ಪಟ್ಟಿ ನೋಡಿ ಬೆರಳು ಮಾಡಿ ತೋರಿಸಿದ, ಖರ್ಜೂರದ ತೋಟ.
ಅಲ್ಲಿ ಫಲಜ್ ಕಾಲುವೆಯ ಬಾಯಿಂದ
ಹರಕು ಬಟ್ಟೆ ಸುತ್ತಿದ ಕಲ್ಲು ಎತ್ತಿ
ತನ್ನ ಪಾತಿಗೆ ನೀರು ತಿರುಗಿಸುತ್ತಿದ್ದ
ಖಲ್ಫಾನ್ ಬಿನ್ ಹಮೂದ್, ಬಿ.ಎಸ್ಸಿ. ಕೃಷಿ, ಎಂಬತ್ತೊಂಬತ್ತನೇ ಇಸವಿ.
ನಮ್ಮ ಸಲಾಮಿಗೆ, ಇಂದುಧರ ಉರು ಹಚ್ಚಿಕೊಂಡು ಬಂದ ಅರಬ್ಬಿಗೆ,
ತಲೆ ಎತ್ತದೆ ಹೇಳಿದ:
‘ಯಾಕ್ರೀ, ಇಷ್ಟ್ಯಾಕ ತಡಾ ಮಾಡಿದ್ರಿ?’

ಅವನ ಕನ್ನಡ ಆ ಇಸವಿಯಲ್ಲೇ ನಿಂತಿತ್ತು,
ಸ್ಟ್ಯಾಂಡು ಹಾಕಿಟ್ಟ ಸೈಕಲ್ಲು;
ತುಳಿದರೆ ಗಾಲಿ ಈಗಲೂ ಗರಗರ.
‘ಸಪ್ತಾಪುರದಾಗ ಸೈಕಲ್ ಬಾಡಿಗಿ ತಾಸಿಗೆ ಎಷ್ಟ್ರಿ ಈಗ?’
ಬಾಡಿಗೆಗೆ ಕೊಡುವವರೇ ಇಲ್ಲ ಎಂದೆ.
‘ನಮ್ಮಲ್ಲಿ ನೀರು ಕೊಡತೀವಿ, ಅರ್ಧ ತಾಸಿನ ಲೆಕ್ಕ.
ನನ್ನ ಪಾಳಿ ಹತ್ತಕ್ಕ ಮುಗೀತದ. ಅಲ್ಲೀತನಕ ಕೂಡ್ರಿ.’

ಕೂತೆವು. ಫಾರ್ಮಿನಲ್ಲಿ ಮೂರು ಕಾಲಂ:
ಹೆಸರು, ಪದವಿ, ಸ್ವಂತ ಊರು.
ಮೂರನೆಯದಕ್ಕೆ ಅವನು ಪೆನ್ನು ಮುಟ್ಟಲಿಲ್ಲ,
ಒದ್ದೆ ಅಂಗೈಯಿಂದ ನೆಲ ತಟ್ಟಿದ.
ಆಮೇಲೆ ನಮ್ಮತ್ತ ತಿರುಗಿ, ‘ನಿಮ್ಮದು?’

ಇಂದುಧರ ಕೆಮ್ಮಿದ.
ಮೌನೇಶ ಅದೊಮ್ಮೆ ಹೆಸರಿಗೆ ತಕ್ಕವನಾದ.
ನಾನು ‘ನರಗುಂದ’ ಎಂದೆ. ಎಂದಮೇಲೆ
ಕಿಸೆಯೊಳಗಿನ ರೆಸಿಡೆಂಟ್ ಕಾರ್ಡು ಮುಟ್ಟಿ ನೋಡಿಕೊಂಡೆ,
ಯಾಕೋ.

ಇಬ್ರಾದಲ್ಲಿ ನಾವು ಹುಡುಕಿದವನು ತೀರಿಕೊಂಡು ಆರು ವರ್ಷ.
ಮಗ ಖಾವಾ ಬಗ್ಗಿಸಿ ಕೊಟ್ಟ, ಕೇಳಿದ:
‘ಅಪ್ಪ ಸಿಟ್ಟು ಬಂದರೆ ಒಂದು ಮಾತು ಅನ್ನುತ್ತಿದ್ದ.
ನಿಮ್ಮ ಭಾಷೆಯದೇ ಇರಬೇಕು. ಅರ್ಥ ಹೇಳಿ.’
ಅವನ ಬಾಯಿಂದ ಬಿದ್ದದ್ದು
ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಅಪ್ಪಟ ಬೈಗುಳ, ಒಂದು ಒತ್ತೂ ತಪ್ಪದೆ.
ನಾವು ಗಂಡಸರು ಚಾವಣಿ ನೋಡಿದೆವು.
ಶಶಿಕಲಾ ಹೇಳಿದಳು, ‘ಮಕ್ಕಳಿಗೆ ಅನ್ನೋ ಮುದ್ದಿನ ಮಾತು.’
ಅವನು ಅದನ್ನು ಮತ್ತೊಮ್ಮೆ ಅಂದ, ಮೆಲ್ಲಗೆ, ತನ್ನ ಮಗಳಿಗೆ.

ಸೂರ್ ಮುಟ್ಟುವಾಗ ದೋಣಿಗಳ ನೆರಳು ಉದ್ದವಾಗಿತ್ತು.
ಶಮ್ಸಾ, ಗೃಹವಿಜ್ಞಾನ, ತೊಂಬತ್ಮೂರು. ಫೋಟೋ ಬೇಡ ಎಂದಳು.
ಮಾತೆಲ್ಲ ಮರೆತಿದೆ;
ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ,
ಬರೆಯಲು ಬರುವುದು ಒಂದೇ ಶಬ್ದ ಎನ್ನುತ್ತ
ಪರಾತದ ಹಿಟ್ಟಿನ ಮೇಲೆ ಬೆರಳಾಡಿಸಿದಳು:
ತಡೆರಹಿತ.
ಹ ಸ್ವಲ್ಪ ಹಿಗ್ಗಿತ್ತು, ಅಷ್ಟೆ.
ನಾವು ಓದುತ್ತಿರುವಂತೆಯೇ ನೀರು ಹೊಯ್ದು ಕಲಸಿದಳು.
ಆ ಹಿಟ್ಟಿನದೇ ರೊಟ್ಟಿ ನಮಗೆ ರಾತ್ರಿಗೆ.

ಹಿಂದಿರುಗುವಾಗ ಮೌನೇಶನಿಗೆ ಗೊರಕೆ.
ಹದಿಮೂರರಲ್ಲಿ ಮೂವರು, ಅದರಲ್ಲೊಬ್ಬ ಇಲ್ಲ.
ಡೋಮ್ ಲೈಟು ಹಾಕಿ ಫಾರ್ಮು ತುಂಬಿದೆ:
ನನ್ನ ಹೆಸರು, ಪದವಿ.
ಮೂರನೆಯ ಕಾಲಂ,
ಅಲುಗುವ ಕಾರಿನಲ್ಲಿ ಅಕ್ಷರ ಕೆಡುತ್ತದೆಂದು
ಹಾಗೇ ಬಿಟ್ಟೆ.
ರಸ್ತೆ, ನಿಜ ಹೇಳಬೇಕೆಂದರೆ, ಬೆಣ್ಣೆಯಂತಿತ್ತು.